ಮಡಿಯಲ್ಲಿದ್ದ ಸರ್ವರ್‌ಗೆ ಹಬ್ಬದ ಸ್ನಾನ

ಮೊನ್ನೆ ಮದುವೆ ಮನೆಯಲ್ಲಿ ಪರಿಚಯದವರೊಬ್ಬರು ಹೊಸ ಫೋನು ತೆಗೆದು ತೋರಿಸಿ, "ನಾನೂ ಅಪ್‌ಗ್ರೇಡ್ ಆದೆ ನೋಡ್ರಿ" ಎಂದರು. ಎಲೆಯ ಮೇಲೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ನನಗೆ ಊಟ ಸೇರಲಿಲ್ಲ. ನಾಟಕ ಅಲ್ಲ, ಆ ಒಂದು ಪದ ಕಿವಿಗೆ ಬಿದ್ದರೆ ಈಗೀಗ ನಾನು ಎಲೆ ಬಿಟ್ಟು ಏಳುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಕೇಳಿ. ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಗೊತ್ತಿದೆ ಅಂದುಕೊಂಡವರಿಂದಲೇ ಇದೆಲ್ಲ ಆಗಿದ್ದು.

ನಾನು ಬಳ್ಳಾರಿಯವಳು. ಹುಟ್ಟಿದ್ದು ಸತ್ಯನಾರಾಯಣಪೇಟೆ, ಈಗಿರುವುದು ಪಾರ್ವತಿನಗರ. ಸಣ್ಣಪುಟ್ಟ ವ್ಯಾಪಾರದವರ ಸರ್ವರು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಸರ್ವರು ಅಂದರೆ ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಆಫೀಸಿನ ಮಾಹಿತಿ ಎಲ್ಲ ಕೂತಿರುವ ಒಂದು ಕಂಪ್ಯೂಟರು, ಮಿಕ್ಕವು ಅದನ್ನು ಕೇಳಿ ಕೇಳಿ ಕೆಲಸ ಮಾಡುತ್ತವೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ, ಕುರುಗೋಡಿನ ಕಡೆ ಮೆಣಸಿನಕಾಯಿ, ಕಾಳು ಇಡುವ ಒಂದು ತಂಪು ಗೋದಾಮಿಗೆ, ಅಂದರೆ ಕೋಲ್ಡ್ ಸ್ಟೋರೇಜಿಗೆ, ಹೀಗೆ ಓಡಾಡುತ್ತಿರುತ್ತೇನೆ. ನಾನು ಹಾಕಿಕೊಡುವುದೆಲ್ಲ ಮುಕ್ತ ತಂತ್ರಾಂಶ. ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಹಾಕಿಕೊಳ್ಳಬಹುದು, ಒಳಗೆ ಏನು ಬರೆದಿದ್ದಾರೆಂದು ತೆರೆದು ನೋಡಬಹುದು. ಪ್ರಪಂಚದ ಎಲ್ಲೆಲ್ಲಿಯೋ ಕೂತ ಜನ ಅದನ್ನು ತಿದ್ದುತ್ತಾ ಇರುತ್ತಾರೆ. ಹೊಸ ಹೊಸ ಆವೃತ್ತಿ ಬಿಡುತ್ತಾ ಇರುತ್ತಾರೆ. ಅದರಲ್ಲೇ ಒಂದು ಆವೃತ್ತಿಯನ್ನು, "ಇದನ್ನು ವರ್ಷಗಟ್ಟಲೆ ಕಾಯುತ್ತೇವೆ, ತೂತು ಬಿದ್ದರೆ ತೇಪೆ ಹಾಕುತ್ತೇವೆ, ಆದರೆ ಇದರ ಸ್ವಭಾವ ಬದಲಾಯಿಸುವುದಿಲ್ಲ" ಎಂದು ಹೇಳಿ ಪಕ್ಕಕ್ಕೆ ಇಡುತ್ತಾರೆ. ನಾನು ಆ ಪಕ್ಕಕ್ಕಿಟ್ಟಿದ್ದರ ಭಕ್ತೆ. ಅಕ್ಕಿ ಗಿರಣಿಗೆ ಹೊಸ ಸ್ವಭಾವ ಏನು ಮಾಡಬೇಕು?

ಆದರೆ ನಮ್ಮ ಜನಕ್ಕೆ ಹಳೆಯದು ಅಂದರೆ ಅವಮಾನ. ಕೋಲ್ಡ್ ಸ್ಟೋರೇಜಿನ ಮಾಲೀಕರು ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವರ ಹೆಂಡತಿಯ ತಮ್ಮ ಇದ್ದಾನಲ್ಲ, ಆ ಬಾಮೈದ, ಅವನದೇ ಎಲ್ಲ ಮಾತು. ನಲವತ್ತು ದಾಟಿದ ಗಂಡಸು, ದಿನವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಾನೇ ಇಂಜಿನಿಯರ್ ಆದೆನೆಂದು ತಿಳಿದವನು. ನಾನು ಹೋದಾಗಲೆಲ್ಲ ಪರದೆಯ ಮೂಲೆಯ ಆವೃತ್ತಿಯ ಅಂಕಿ ನೋಡಿ ಮೂಗು ಮುರಿಯುವನು.

"ಮೇಡಂ, ಇದರಾಗ ಇನ್ನಾ ಮ್ಯಾಲಿನ ನಂಬರ್ ಬಂದಾವ್ರಿ. ನಾವು ಯಾಕ ಕೆಳಗಿನ ನಂಬರಿನಾಗ ಕುಂತೀವಿ?"

"ನಂಬರ್ ಮೇಲಾದ್ರ ನಿಮ್ಮ ಮೆಣಸಿನಕಾಯಿ ಹೆಚ್ಚು ಕೆಂಪಾಗ್ತಾವೇನ್ರೀ?"

"ಹಂಗಲ್ರೀ, ನಾಕ್ ಮಂದಿ ಕೇಳ್ತಾರ. ಮಾನ ಹೋಗ್ತೈತಿ."

ಅವನಿಗೆ ಎಷ್ಟು ಸಲ ಬಿಡಿಸಿ ಹೇಳಲಿ? ಸೀಸನ್ ಮುಗಿದು ಗೋದಾಮು ಖಾಲಿ ಆದಾಗ, ಮೊದಲು ಬೇರೆ ಯಂತ್ರದ ಮೇಲೆ ಹೊಸ ಆವೃತ್ತಿ ಹಾಕಿ, ಎಲ್ಲ ಸರಿ ಇದೆಯೇ ನೋಡಿ, ಆಮೇಲೆ ಇದಕ್ಕೆ ಹಾಕೋಣ ಅಂದೆ. ಹಳೆಯದರಲ್ಲೇ ಸಾಯುತ್ತೇನೆ ಅನ್ನುವವಳು ನಾನಲ್ಲ. ಅದಕ್ಕೂ ಒಂದು ಕಾಲ ಇದೆ ಅಂತಷ್ಟೇ ನನ್ನ ವಾದ. ತಲೆ ಆಡಿಸಿದ. ಮುಂದಿನ ಸಲ ಹೋದಾಗ ಮತ್ತೆ ಅದೇ ಮೂಗು, ಅದೇ ಮುರಿತ. ಕೊನೆಗೆ ಸಾಕಾಗಿ, ಅಲ್ಲಿನ ಗುಮಾಸ್ತನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ಹೇಳಿದೆ:

"ನೋಡ್ರೀ, ಈ ಮಷೀನು ಮಡಿಯಾಗೈತಿ. ಮುಟ್ಟಬ್ಯಾಡ್ರಿ. ಅಷ್ಟ."

ಅದು ನಾಟಿತು. ಗುಮಾಸ್ತನಂತೂ ಅವತ್ತಿನಿಂದ ಸರ್ವರ್ ಇದ್ದ ಸಣ್ಣ ಕೋಣೆಗೆ ಚಪ್ಪಲಿ ಬಿಟ್ಟು ಹೋಗತೊಡಗಿದ. ಗೋದಾಮಿಗೆ ಬಂದವರು ಆ ಕಡೆ ಇಣುಕಿದರೆ, "ಏ, ಅದು ಮಡಿ ಮಷೀನ್ರೀ, ದೂರ ನಿಂದರ್ರಿ" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಮಡಿ ಅಂದರೆ ಏನೆಂದು ನನಗೆ ಗೊತ್ತಲ್ಲ. ಸತ್ಯನಾರಾಯಣಪೇಟೆಯ ಮನೆಯ ಹಿಂದಿನ ಕೋಣೆಯಲ್ಲಿ ಎತ್ತರದ ಗಳುವಿನ ಮೇಲೆ ಅಮ್ಮನ ಮಡಿಸೀರೆ ಒಣಗುತ್ತಿತ್ತು. ಅದನ್ನು ಕೋಲಿನಿಂದ ಹಾಕುವುದು, ಕೋಲಿನಿಂದ ತೆಗೆಯುವುದು. ಅದರ ಅಂಚು ತಲೆಗೆ ತಾಗೀತೆಂದು ನಾವು ಮಕ್ಕಳು ಬಗ್ಗಿ ಓಡುತ್ತಿದ್ದೆವು. ಮಡಿ ಅಂದರೆ ನನಗೆ 'ಮುಟ್ಟಬೇಡ'. ಇನ್ನೊಬ್ಬರಿಗೆ ಅದು ಇನ್ನೇನೋ ಆಗಬಹುದು ಅಂತ ಯಾರು ಯೋಚಿಸುತ್ತಾರೆ?

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಗೊತ್ತಲ್ಲ, ಸ್ಕ್ರೂಡ್ರೈವರಿನಿಂದ ಹಿಡಿದು ಲಾರಿಯವರೆಗೆ ಎಲ್ಲದಕ್ಕೂ ಸ್ನಾನ. ಗೋದಾಮಿನಲ್ಲಿ ತಕ್ಕಡಿ ತೊಳೆದರು, ತಳ್ಳುಗಾಡಿಗೆ ಬಣ್ಣ ಬಳಿದರು, ತಂಪು ಮಾಡುವ ದೊಡ್ಡ ಯಂತ್ರಕ್ಕೆ ಹೊಸ ಎಣ್ಣೆ ಹಾಕಿದರು. ನಾನು ಅಲ್ಲಿರಲಿಲ್ಲ. ಇದೆಲ್ಲ ಆಮೇಲೆ ಗುಮಾಸ್ತ ಹೇಳಿದ್ದು. ಎಲ್ಲ ತೊಳೆದು ಮುಗಿದ ಮೇಲೆ ಬಾಮೈದ ಸೊಂಟಕ್ಕೆ ಕೈ ಕೊಟ್ಟು ಸರ್ವರಿನ ಮುಂದೆ ನಿಂತನಂತೆ.

"ಲೇ, ಮಡಿ ಅಂದ್ರ ಏನು?"

"ಮುಟ್ಟಬಾರದ್ದು ಅಂದಾರ್ರಿ ಮೇಡಂ."

"ಮುಟ್ಟಬಾರದು ಯಾಕ? ತೊಳದು ಉಟ್ಟಿದ್ದು ಅದಕ್ಕ. ದಿನಾ ತೊಳದ್ರ ಮಡಿ. ವರ್ಷಗಟ್ಟಲೆ ತೊಳೀದ ಹಂಗ ಇಟ್ರ ಅದು ಮಡಿ ಹೆಂಗಾತು? ಮೈಲಿಗಿ ಅದು! ಹಬ್ಬದ ದಿನ ಮೈಲಿಗಿ ಮಷೀನಿಗೆ ಪೂಜಿ ಮಾಡ್ತೀಯೇನು?"

ಈ ಮಾತಿಗೆ ಗುಮಾಸ್ತ ತಲೆ ಆಡಿಸಿದ. ನಿಜ ಹೇಳಬೇಕೆಂದರೆ ಅಮ್ಮನೂ ಆಡಿಸುತ್ತಿದ್ದಳು. ಪಾಸ್‌ವರ್ಡ್ ಗುಮಾಸ್ತನ ಹತ್ತಿರ ಇತ್ತು, ಅವಸರಕ್ಕಿರಲಿ ಎಂದು ಕೊಟ್ಟದ್ದು. ತೆಗೆದುಕೊಟ್ಟ. "ಸಾವ್ಕಾರ್ರ ಮನಿ ಮಂದಿ ಕೇಳಿದ್ರ ಇಲ್ಲ ಅನ್ನಾಕ ಆಕ್ಕೈತೇನ್ರೀ?" ಎಂದು ಆಮೇಲೆ ನನ್ನನ್ನೇ ಕೇಳಿದ. ಬಾಮೈದ ಕೂತು, ವಿಡಿಯೋ ಒಂದು ಕಡೆ, ಕೀಲಿಮಣೆ ಒಂದು ಕಡೆ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ 'ಹೌದು, ಹೌದು' ಎಂದು ಒತ್ತಿ, ಇಡೀ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿದ.

ಇಲ್ಲಿಗೆ ನಿಲ್ಲಿಸಿ ಒಂದು ಸಲ ಪರೀಕ್ಷೆ ಮಾಡಿದ್ದರೂ ಮುಗಿಯುತ್ತಿತ್ತು. ಮಾಲು ಇಟ್ಟವರ ಒಂದು ಚೀಟಿಯನ್ನು ಅದರಲ್ಲಿ ಹುಡುಕಿ ನೋಡಿದ್ದರೂ ಸಾಕಿತ್ತು. ಆದರೆ ಅಷ್ಟರಲ್ಲಿ ಪುರೋಹಿತರು ಬಂದರು. ಸರ್ವರಿಗೆ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ನಿಂಬೆಹಣ್ಣು. ಪೂಜೆ ಆದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲವಲ್ಲ! ಬಂದ್ ಮಾಡಿ ಬಾಗಿಲು ಎಳೆದುಕೊಂಡರು. ತಂಪು ಯಂತ್ರ ಮಾತ್ರ ಹಾರ ಹಾಕಿಕೊಂಡೇ ಓಡುತ್ತಿತ್ತು. ಅದನ್ನು ನಿಲ್ಲಿಸಿದರೆ ಮಾಲು ಕೊಳೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಕೊಳೆತರೆ ವಾಸನೆ ಬರುವುದಕ್ಕಷ್ಟೇ ನಮ್ಮವರು ಹೆದರುವುದು. ವಾಸನೆ ಬಾರದ ಕೊಳೆತಕ್ಕೆ ಹಾರ ಹಾಕುತ್ತಾರೆ.

ಮರುದಿನ ತೆರೆದರು. ಪರದೆ ಹೊಸ ಬಣ್ಣದಲ್ಲಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿ, ನಮ್ಮ ಕಡೆ ಮಂಡಾಳು ಅನ್ನುವ ಮಂಡಕ್ಕಿಯನ್ನೂ ಬೆಲ್ಲವನ್ನೂ ಹಂಚಿದರು. ನನಗೆ ಯಾರೂ ಒಂದು ಮಾತು ಹೇಳಲಿಲ್ಲ.

ಹಬ್ಬ ಕಳೆದು ಒಂದು ವಾರ ಆಗಿರಬೇಕು. ನಾನು ಸಿರುಗುಪ್ಪದ ಒಂದು ಗಿರಣಿಯಲ್ಲಿ ತೌಡಿನ ಧೂಳು ಕುಡಿಯುತ್ತಾ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಬಾಮೈದನ ಫೋನು.

"ಮೇಡಂ, ಸಣ್ಣದೊಂದು ಕೆಲಸ. ಇಲ್ಲೊಬ್ಬಾಕಿ ಗಲಾಟಿ ಮಾಡಾಕತ್ತಾಳ. ಕಂಪ್ಯೂಟರಿನಾಗ ಆಕಿ ಮಾಲು ಇಲ್ಲ. ಇಲ್ಲಂದ್ರ ಇಲ್ಲ ಅಂತ ನೀವು ಒಂದ್ ಮಾತು ಹೇಳಿಬಿಡ್ರಿ, ನೀವ್ ಹೇಳಿದ್ರ ಕೇಳ್ತಾಳ."

"ಚೀಟಿ ಐತೇನು ಆಕಿ ಹತ್ರ?"

"ಐತಿ. ಆದ್ರ ಅದು ಹಳೇ ಚೀಟಿ ಇರಬೇಕು. ನಮ್ಮದು ಈಗ ಹೊಸ ವರ್ಶನ್ನು. ಹೇಳೋದ ಮರತೆ, ಹಬ್ಬಕ್ಕ ನಾನ ಅಪ್‌ಗ್ರೇಡ್ ಮಾಡಿದೆ. ಭಾರಿ ಆಗೈತ್ರಿ ಮೇಡಂ! ಗೋದಾಮಿನಾಗ ಜಾಗಾ ಸೈತ ಜಾಸ್ತಿ ಆಗೈತಿ."

ಸ್ಕ್ರೂಡ್ರೈವರ್ ಕೆಳಗಿಟ್ಟೆ. ತಂತ್ರಾಂಶ ಬದಲಾಯಿಸಿದರೆ ಗೋದಾಮಿನಲ್ಲಿ ಜಾಗ ಹೆಚ್ಚಾಗುವುದು ಅಂದರೇನು? ಗೋಡೆ ಹಿಂದೆ ಸರಿಯಿತೇ? ಕೇಳುವಷ್ಟರಲ್ಲಿ ಆ ಕಡೆ ಯಾರೋ ಫೋನು ಕಿತ್ತುಕೊಂಡರು.

"ಯಾರವ್ವಾ ನೀನು? ನೀನೂ ಇವರ ಪೈಕಿ ಏನು? ನೋಡು, ನನ್ನ ಬಿತ್ತೋ ಕಡ್ಲಿ ಮೂರು ಚೀಲ ಇದರಾಗೈತಿ. ಹೊಲದಾಗ ಈಗ ಹದ ಐತಿ, ಕೂರಿಗಿ ಹೂಡಿ ನಿಲ್ಲಿಸಿ ಬಂದೀನಿ. ನಾಳೆ ನಾಡಿದ್ದರಾಗ ಬೀಜ ನೆಲಕ್ಕ ಬೀಳಲಿಲ್ಲಂದ್ರ ಹದ ಹಾರಿ ಹೋಗ್ತೈತಿ. ಇವ್ರು ನೋಡಿದ್ರ ಡಬ್ಬಿ ಮುಂದ ಕುಂತು ಇಲ್ಲ ಇಲ್ಲ ಅಂತ ಜಪ ಮಾಡಾಕತ್ತಾರ!"

"ಅಲ್ಲೇ ಇರ್ರಿ, ಬಂದೆ" ಎಂದೆ.

ಸಿರುಗುಪ್ಪದಿಂದ ಕುರುಗೋಡಿಗೆ ಬರುವ ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಯಾರನ್ನು ಅಂತ ಹೇಳಬೇಕಾಗಿಲ್ಲ. ನೀರಿನ ಭತ್ತದ ಗದ್ದೆಗಳು ಮುಗಿದು ಕಪ್ಪು ನೆಲ ಶುರುವಾದ ಕಡೆ, ಅಲ್ಲಲ್ಲಿ ಬೀಜ ಬಿತ್ತುವ ಕೂರಿಗೆಗಳು ಓಡುತ್ತಿದ್ದವು. ಕಪ್ಪು ನೆಲದ ಹಿಂಗಾರಿ ಬಿತ್ತನೆ ಯಾರಿಗೂ ಕಾಯುವುದಿಲ್ಲ. ಮಳೆಯ ತೇವ ಮಣ್ಣಿನಲ್ಲಿ ಇರುವಷ್ಟು ದಿನವೇ ಅದರ ಆಯುಷ್ಯ, ಆಮೇಲೆ ನೆಲ ಬಿರಿದು ಬಾಯಿ ತೆರೆದುಕೊಳ್ಳುತ್ತದೆ.

ಗೋದಾಮಿನ ಬಾಗಿಲಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಆಫೀಸಿನ ಕಟ್ಟೆಯ ಮೇಲೆ ಆಕೆ ಕೂತಿದ್ದಳು, ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡು. ನನ್ನದೇ ವಯಸ್ಸು ಇರಬಹುದು. ಊರು ರೂಪನಗುಡಿ, ತವರು ಇಲ್ಲೇ ಕುರುಗೋಡು. ತವರಿನ ಗುರುತಿನ ಮೇಲೆ ಬೇಸಿಗೆಯಲ್ಲಿ ತನ್ನ ಬೀಜದ ಕಡಲೆ ತಂದು ಇಲ್ಲಿ ಇಟ್ಟಿದ್ದಳು. ಮನೆಯಲ್ಲಿ ಇಟ್ಟರೆ ನುಸಿ ಹತ್ತಿ ಕಾಳು ತೂತಾಗುತ್ತದೆ, ತಂಪಿನಲ್ಲಿ ಇಟ್ಟರೆ ಇಟ್ಟ ಹಾಗೇ ಇರುತ್ತದೆ ಅಂತ. ಅಂಗಡಿಯ ಕಡಲೆ ಅಲ್ಲ ಅದು. ಸಣ್ಣ ಕಾಳಿನ ನಾಟಿ ಕಡಲೆ. ಆಕೆಯ ಅತ್ತೆಯ ಕಾಲದಿಂದ ಅದೇ ಹೊಲದಲ್ಲಿ ಬಿತ್ತಿ, ಬೆಳೆದು, ಆರಿಸಿ ಇಟ್ಟುಕೊಂಡು ಬಂದದ್ದು. ಇನ್ನೊಬ್ಬರ ಮನೆಯಲ್ಲಿ ಸಿಗುವುದಿಲ್ಲ ಎಂದಳು. ಯಾಕೆ ಸಿಗುವುದಿಲ್ಲ ಅಂದರೆ, "ಎಲ್ಲಾರೂ ದಪ್ಪ ಕಾಳಿಗೆ ಬಾಯಿ ಬಿಟ್ರು, ನಮ್ಮನ್ಯಾಗ ಬಿಡಲಿಲ್ಲ" ಎಂದಳು. ಅಷ್ಟೇ.

ಚೀಟಿ ಕೈಗೆ ಕೊಟ್ಟಳು. ಅಚ್ಚುಕಟ್ಟಾದ ಚೀಟಿ, ಗೋದಾಮಿನ ಮುದ್ರೆ, ಸಂಖ್ಯೆಯ ಮುಂದೆ ಊರಿನ ಗುರುತಿಗೆ 'ರೂ' ಅಕ್ಷರ. ಗುಮಾಸ್ತ ನನ್ನ ಮುಂದೆಯೇ ಮತ್ತೊಮ್ಮೆ ಹುಡುಕಿ ತೋರಿಸಿದ.

"ನೋಡ್ರಿ ಮೇಡಂ, ಇಲ್ಲ ಅಂತೈತಿ."

"ಚೀಟಿ ಬರದೋನು ಯಾರು?"

"ನಾನ ರೀ."

"ಚೀಲ ಇಳಿಸಿಕೊಂಡೋನು?"

"ನಾನ ರೀ. ಆದ್ರ ಕಂಪ್ಯೂಟರ್ ಇಲ್ಲ ಅಂದ ಮ್ಯಾಲೆ ನಾ ಹೆಂಗ ಐತಿ ಅನ್ಲಿ?"

ರೂಪನಗುಡಿಯಾಕೆ ಕಟ್ಟೆಯಿಂದಲೇ ಕೂಗಿದಳು, "ನಿನ್ನ ಹೆಂಡ್ತಿ ಮನ್ಯಾಗ ಅದಾಳೋ ಇಲ್ಲೋ ಅಂತ ಅದನ್ನೂ ಡಬ್ಬಿ ಕೇಳಿ ಹೋಗ್ತೀಯೇನಪ್ಪಾ?"

ಟ್ರ್ಯಾಕ್ಟರಿನ ಮೇಲಿದ್ದ ಆಕೆಯ ಮೈದುನ ಮುಸಿಮುಸಿ ನಕ್ಕ. ಗುಮಾಸ್ತ ನಗಲಿಲ್ಲ. ಮನುಷ್ಯ ಕೆಟ್ಟವನಲ್ಲ, ಅದೇ ನನಗೆ ಹೇಸಿಗೆ ತರುವುದು. ತನ್ನ ಕೈಬರಹ ತನ್ನ ಕಣ್ಣಮುಂದೆ ಇದ್ದರೂ ಅದನ್ನು ನಂಬಲು ಅವನಿಗೆ ಪರದೆಯ ಅಪ್ಪಣೆ ಬೇಕು.

ಸರ್ವರಿನ ಕೋಣೆಗೆ ಹೋದೆ. ಬಾಡಿದ ಚೆಂಡುಹೂವಿನ ಹಾರ ಇನ್ನೂ ಹಾಗೇ ಇತ್ತು. ತೆಗೆದು ಮೂಲೆಗೆ ಹಾಕಿದೆ. ಗುಮಾಸ್ತ ಉಸಿರು ಎಳೆದುಕೊಂಡ. ಏನಾಗಿದೆಯೆಂದು ಕಂಡುಹಿಡಿಯಲು ಬುದ್ಧಿವಂತಿಕೆಯೇನೂ ಬೇಕಾಗಲಿಲ್ಲ. ಹೊಸ ಆವೃತ್ತಿಯ ಜೊತೆ ಬರುವ ಟಿಪ್ಪಣಿಯಲ್ಲಿ ಮೊದಲ ಪುಟದಲ್ಲೇ ಬರೆದಿತ್ತು. ಅಕ್ಷರಗಳನ್ನು ಜೋಡಿಸುವ ಕ್ರಮ ಈ ಆವೃತ್ತಿಯಲ್ಲಿ ಬದಲಾಗಿದೆ, ಹಳೆಯ ಕ್ರಮದಲ್ಲಿ ಕಟ್ಟಿದ ಅನುಕ್ರಮಣಿಕೆಯನ್ನು, ಅಂದರೆ ಯಾವುದು ಎಲ್ಲಿದೆ ಎನ್ನುವ ಪಟ್ಟಿಯನ್ನು, ಮತ್ತೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಇರುವುದೂ ಸಿಗುವುದಿಲ್ಲ ಎಂದು. ಸಂಬಳ ಕೇಳದೆ ಕೆಲಸ ಮಾಡುವ ಯಾರೋ ಪುಣ್ಯಾತ್ಮರು ಸಾಲು ಸಾಲಾಗಿ ಎಚ್ಚರಿಕೆ ಬರೆದು ಇಟ್ಟಿದ್ದರು. ಬಾಮೈದ ಅದಕ್ಕೂ 'ಹೌದು' ಒತ್ತಿ ಮುಂದೆ ಹೋಗಿದ್ದ.

"ಪುಕ್ಕಟೆ ಸಿಗೋದು ಹಿಂಗ ರೀ ಮೇಡಂ, ಗ್ಯಾರಂಟಿ ಇರೋದಿಲ್ಲ" ಎಂದ ನನ್ನ ಬೆನ್ನ ಹಿಂದೆ ನಿಂತು.

"ಓದಾಕೂ ಪುಕ್ಕಟೆನ ಇತ್ತಲ್ರೀ. ಓದಬೇಕಿತ್ತು."

ಇದನ್ನು ನಿಮಗೂ ಸುಲಭವಾಗಿ ಹೇಳುತ್ತೇನೆ. 'ಕ್ಷ' ಅಕ್ಷರ ತೆಗೆದುಕೊಳ್ಳಿ. ನಾವು ಸಾಲಿಯಲ್ಲಿ ವರ್ಣಮಾಲೆ ಹೇಳುವಾಗ ಅದನ್ನು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಹೇಳುತ್ತಿದ್ದೆವು. ನಿಘಂಟಿನಲ್ಲಿ ಅದು 'ಕ' ಅಕ್ಷರದ ಹೊಟ್ಟೆಯೊಳಗೆ ಇರುತ್ತದೆ. ಸಾಲಿಯ ಲೆಕ್ಕದಲ್ಲಿ ಹುಡುಕುವವನು ನಿಘಂಟಿನ ಕೊನೆಯ ಪುಟ ತೆಗೆದು, 'ಕ್ಷಮೆ' ಅಂತ ಪದವೇ ಇಲ್ಲ ಎಂದು ಪುಸ್ತಕ ಮುಚ್ಚಿದರೆ ಹೇಗೆ? ಪದ ಇದೆ, ಪುಸ್ತಕವೂ ಸರಿ ಇದೆ, ಹುಡುಕುವವನ ಬೆರಳು ತಪ್ಪು ಜಾಗಕ್ಕೆ ಹೋಯಿತು. ಈ ಸರ್ವರಿನಲ್ಲಿ ಆಗಿದ್ದು ಅಷ್ಟೇ. ಮಾಹಿತಿ ಹಳೆಯ ಕ್ರಮದಲ್ಲಿ ಕೂತಿತ್ತು, ಬೆರಳು ಹೊಸ ಕ್ರಮದಲ್ಲಿ ಹೋಗುತ್ತಿತ್ತು. ಕೆಲವು ಊರಿನ ಚೀಟಿಗಳು ಸಿಗುತ್ತಿದ್ದವು, ಕೆಲವು ಊರಿನವು ಮಾಯ.

ಅನುಕ್ರಮಣಿಕೆ ಮತ್ತೆ ಕಟ್ಟಲು ಬಿಟ್ಟೆ. ಚಹಾ ಬಂದು, ಆರಿ, ಕೆನೆಗಟ್ಟುವಷ್ಟರಲ್ಲಿ ಮುಗಿಯಿತು. 'ರೂ' ಒತ್ತಿ ಸಂಖ್ಯೆ ಹಾಕಿದೆ. ಆಕೆಯ ಮೂರು ಚೀಲ ಪರದೆಯ ಮೇಲೆ ಬಂದು ಕೂತವು. ಯಾವ ಕೋಣೆ, ಯಾವ ಖಾನೆ, ಎಲ್ಲ ಇತ್ತು. ಗುಮಾಸ್ತ ಯಂತ್ರಕ್ಕೆ ಕೈ ಮುಗಿದ.

ರೂಪನಗುಡಿಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬೆಳಗಿನಿಂದ ನಾ ಇಲ್ಲೇ ಅದೀನಿ, ನಾ ಬಂದಿದ್ದು ಕಾಣಲಿಲ್ಲ. ಇದು ಬಂದಿದ್ದು ಕಾಣ್ತು. ಆಗ್ಲಿ, ಮಾಲು ತಗೀರಿ, ಹೊತ್ತಾಗೈತಿ."

ನನಗೂ ಉಸಿರು ಬಂತು. ಬೈದು, ತಿದ್ದಿ, ಮನೆಗೆ ಹೋಗುವುದಷ್ಟೇ ಉಳಿಯಿತು ಅಂದುಕೊಂಡೆ.

ಹಮಾಲರ ಜೊತೆ ನಾವೂ ಒಳಗೆ ಹೋದೆವು. ಹೊರಗಿನ ಬಿಸಿಲಿನಿಂದ ಆ ಚಳಿಗೆ ಹೋದರೆ ಮೈ ಜುಮ್ಮೆನ್ನುತ್ತದೆ, ಮೆಣಸಿನಕಾಯಿಯ ಘಾಟಿಗೆ ಕಣ್ಣು ಮೂಗು ಸುರಿಯುತ್ತದೆ. ಪರದೆ ಹೇಳಿದ ಖಾನೆಯ ಮುಂದೆ ನಿಂತೆವು. ಅಲ್ಲಿ ಹುಣಸೆಹಣ್ಣಿನ ಚೀಲಗಳಿದ್ದವು. ಕೆಳಗಿನಿಂದ ಮೇಲಿನವರೆಗೆ ಹುಣಸೆಹಣ್ಣು.

"ಇದೇನಿದು?" ಎಂದಳು ಆಕೆ.

ಗುಮಾಸ್ತ ಬಾಮೈದನ ಮುಖ ನೋಡಿದ. ಬಾಮೈದ ಹಮಾಲರ ಮುಖ ನೋಡಿದ. ಹಮಾಲರಲ್ಲಿ ಹಿರಿಯವನು ನೆಲ ನೋಡಿದ. ಆಗ ಆ 'ಜಾಸ್ತಿಯಾದ ಜಾಗ' ಏನೆಂದು ನನಗೆ ಹೊಳೆಯಿತು.

ಆಫೀಸಿನ ಪರದೆಯಲ್ಲಿ ಗೋದಾಮಿನ ನಕ್ಷೆ ಇದೆ. ಖಾನೆಯಲ್ಲಿ ಮಾಲು ಇದ್ದರೆ ಕೆಂಪು, ಖಾಲಿ ಇದ್ದರೆ ಹಸಿರು. ಅದು ಪ್ರತಿ ಖಾನೆಯ ಚೀಟಿಯನ್ನು ಹುಡುಕುತ್ತದೆ. ಸಿಕ್ಕರೆ ಕೆಂಪು, ಸಿಗದಿದ್ದರೆ ಹಸಿರು. ಹಬ್ಬದ ಮರುದಿನ ಸಾಲು ಸಾಲು ಖಾನೆಗಳು ಹಸಿರಾಗಿದ್ದನ್ನು ನೋಡಿ ಬಾಮೈದ ಕುಣಿದಾಡಿದ್ದ. ಹುಣಸೆಹಣ್ಣಿನ ವ್ಯಾಪಾರಿ ಬಂದಾಗ ಅದರಲ್ಲಿ ಮೊದಲನೆಯ ಹಸಿರು ಖಾನೆಯನ್ನು ಬರೆದುಕೊಟ್ಟಿದ್ದ.

"ಖಾಲಿ ಅಂದಿದ್ರಿ, ಹೋಗಿ ನೋಡಿದ್ರ ಮೂರು ಚೀಲ ಇದ್ವು" ಎಂದ ಹಿರಿಯ ಹಮಾಲ. "ಬಂದು ಹೇಳೀವಿ. ಕಂಪ್ಯೂಟರಿನಾಗ ಖಾಲಿ ಐತಿ, ಇರಾಕ ಸಾಧ್ಯ ಇಲ್ಲ ಅಂದ್ರಿ."

"ಚೀಲ ಕಣ್ಣಿಗೆ ಕಾಣ್ತಿದ್ವಲ್ಲೋ!" ಎಂದೆ ನಾನು ಬಾಮೈದನಿಗೆ.

ಬಾಮೈದ ಗಂಟಲು ಸರಿಮಾಡಿಕೊಂಡ. "ಪಕ್ಕದ ಖಾನ್ಯಾಗ ಪುಟಾಣಿ ಭಟ್ಟಿಯವರ ಕಡ್ಲಿ ಇತ್ರಿ. ಅವ್ರು ಹಿಂದಿನ ದಿನ ಖಾಲಿ ಮಾಡ್ಕೊಂಡು ಹೋಗಿದ್ರು. ಅವರದ ಮೂರು ಚೀಲ ಉಳಿದಿರಬೇಕು ಅಂತ… ಫೋನ್ ಮಾಡಿದೆ. ಬಂದು ಒಯ್ದ್ರು."

ರೂಪನಗುಡಿಯಾಕೆ ಬಾಮೈದನ ಕಡೆ ತಿರುಗಿದಳು. ಮೆಲ್ಲಗೆ ಕೇಳಿದಳು, "ಪುಟಾಣಿ ಭಟ್ಟಿ? ಕಡ್ಲಿ ಹುರಿಯೋ ಭಟ್ಟಿ?"

ಆಕೆ ಓಡಿದಳು. ಚಪ್ಪಲಿ ಅಲ್ಲೇ ಉಳಿಯಿತು.

ಹೋಗುವ ಮೊದಲು ನಾನು ಒಂದು ಕೆಲಸ ಮಾಡಿದೆ. ಹಸಿರಾಗಿದ್ದ ಖಾನೆಗಳೆಲ್ಲ ಈಗ ಮತ್ತೆ ಕೆಂಪಾಗಿದ್ದವು. ಬೇರೆ ಯಾವುದನ್ನೂ ಕೊಟ್ಟಿಲ್ಲವೆಂದು ಗುಮಾಸ್ತನಿಂದ ಖಾತ್ರಿ ಮಾಡಿಕೊಂಡು, ಮಾಲೀಕರಿಗೆ ಫೋನು ಮಾಡಿ ಭಟ್ಟಿಗೆ ಬರಲು ಹೇಳಿದೆ. ಅವರು, "ಏನಾತ್ರಿ ಮೇಡಂ?" ಎಂದರು. "ನಿಮ್ಮ ಬಾಮೈದನ್ನ ಕೇಳ್ರಿ" ಎಂದು ಇಟ್ಟೆ.

ಭಟ್ಟಿ ಕುರುಗೋಡಿನ ಒಳಗೆ, ಇಕ್ಕಟ್ಟಾದ ಓಣಿಯಲ್ಲಿ. ಓಣಿಯ ತುದಿಗೇ ಹುರಿದ ಕಡಲೆಯ ವಾಸನೆ ಮೂಗಿಗೆ ಬಡಿಯಿತು. ಬೇರೆ ದಿನವಾಗಿದ್ದರೆ ಬಾಯಲ್ಲಿ ನೀರು ಬರುತ್ತಿತ್ತು. ಕಾಯಿಸಿದ ಮರಳಿನಲ್ಲಿ ಕಾಳು ಚಟಪಟ ಅನ್ನುತ್ತಿತ್ತು. ಭಟ್ಟಿಯ ಯಜಮಾನ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದು ಬಂದ. ಏನೂ ಗೊತ್ತಿಲ್ಲದ ಮುಖ.

"ಆ ಮೂರು ಚೀಲಾನ? ಹೌದ್ರಿ, ಬಂದಾವ. ಸಣ್ಣ ಕಾಳು, ನಮ್ಮದಲ್ಲ ಅಂತ ನನಗೂ ಅನುಮಾನ ಬಂತು. ಕಂಪ್ಯೂಟರ್ ನಿಮ್ಮದ ಅಂತೈತಿ ಅಂದ್ರು ಸ್ಟೋರೇಜಿನವ್ರು. ನಾನ್ಯಾಕ ಬ್ಯಾಡ ಅನ್ಲಿ? ಆದ್ರ ಏನು ರುಚಿ ಅಂತೀರಿ!"

"ಎಲ್ಲಿ ಐತಿ?" ಎಂದಳು ರೂಪನಗುಡಿಯಾಕೆ.

ಎರಡು ಚೀಲ ಹುರಿದು, ಸಿಪ್ಪೆ ಹಾರಿಸಿ, ಹೊಸ ಚೀಲದಲ್ಲಿ ತುಂಬಿ ಬಾಯಿ ಹೊಲಿದಿದ್ದರು. ಮೂರನೆಯದನ್ನು ಬಿಚ್ಚಿ ಅರ್ಧ ಸುರಿದು, ಮೊದಲ ಕಾವು ಕೊಟ್ಟು, ನೀರು ಚಿಮುಕಿಸಿ ರಾಶಿ ಹಾಕಿದ್ದರು. ಉಳಿದ ಅರ್ಧ ಚೀಲದಲ್ಲೇ ಇತ್ತು. ಆಕೆ ಮೊದಲು ಹೋದದ್ದು ಆ ರಾಶಿಗೆ. ಮುಷ್ಟಿಯಲ್ಲಿ ಹಿಡಿದಳು. ಇನ್ನೂ ಬೆಚ್ಚಗಿತ್ತು. ಒಂದು ಕಾಳು ಕಚ್ಚಿ ನೋಡಿ ಉಗುಳಿದಳು. "ಸತ್ತೈತಿ" ಎಂದಳು. ಆಮೇಲೆ ಅರ್ಧ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಕಾಳು ಎತ್ತಿ, ಕಚ್ಚಿ, ಜಗಿದಳು. ಇದನ್ನು ಉಗುಳಲಿಲ್ಲ. ಬಾಯಿ ಬಿಗಿದು ತಾನೇ ಹಗ್ಗ ಕಟ್ಟಿದಳು. ಮೈದುನ ಎತ್ತಿಕೊಳ್ಳಲು ಹೋದರೆ ಬಿಡಲಿಲ್ಲ, ಸೊಂಟಕ್ಕೆ ಎತ್ತಿಕೊಂಡಳು.

"ಎಷ್ಟಕ್ಕ ಆದೀತು ಅತ್ತಿಗಿ?" ಎಂದ ಅವನು.

"ಹುಣಸಿಗಿಡದ ಕಡೆ ಹೊಲದ ತುಣುಕಿಗಷ್ಟ. ಈ ವರ್ಷ ಒಂದು ಕಾಳು ಬಾಯಿಗೆ ಹಾಕಂಗಿಲ್ಲ ಯಾರೂ. ಬೆಳದದ್ದೆಲ್ಲಾ ಬೀಜಕ್ಕ."

ಅಷ್ಟರಲ್ಲಿ ಮಾಲೀಕರು, ಬಾಮೈದ ಬಂದರು. ಮಾಲೀಕರು ಕೈ ಜೋಡಿಸಿ ನಿಂತರು. ಅವರಾದರೂ ಸುಮ್ಮನಿದ್ದರು. ಬಾಮೈದನಿಗೆ ಸುಮ್ಮನಿರುವ ವಿದ್ಯೆ ಯಾವ ವಿಡಿಯೋದಲ್ಲೂ ಸಿಕ್ಕಿರಲಿಲ್ಲ.

"ಅಕ್ಕಾರ, ತಲಿ ಕೆಡಿಸ್ಕಬ್ಯಾಡ್ರಿ. ಆಗಿದ್ದು ಆಗೈತಿ. ನಾಳೆ ಬೆಳಗಾಗೋದ್ರಾಗ ನಿಮ್ಮ ಹೊಲಕ್ಕ ಹೊಸ ತಳಿ ಬೀಜ ಕಳಿಸ್ತೀನಿ. ದಪ್ಪ ಕಾಳು, ಇಳುವರಿ ಜಾಸ್ತಿ. ಆ ಹಳೇ ಬೀಜ ಎಷ್ಟು ವರ್ಷ ಅಂತ ಹಿಡ್ಕೊಂಡು ಕುಂದರ್ತೀರಿ? ಇದೂ ಒಂಥರಾ ಅಪ್‌ಗ್ರೇಡ್ ಅಂದ್ಕಳ್ರಿ."

ನನಗೆ ಅಲ್ಲೇ ಹೊಡೆಯಬೇಕೆನಿಸಿತು, ನಿಜ ಹೇಳುತ್ತೇನೆ. ನಾನು ಏನು ಅಂದೆನೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸತ್ಯನಾರಾಯಣಪೇಟೆಯ ಹೆಣ್ಣುಮಗಳ ಬಾಯಲ್ಲಿ ಅಂಥ ತೆಲುಗು ಮಾತು ಬಂದದ್ದಕ್ಕೆ ಭಟ್ಟಿಯ ಯಜಮಾನ ಕೂಡ ಒಂದು ಹೆಜ್ಜೆ ಹಿಂದೆ ಸರಿದ. ಬಾಮೈದನಿಗೆ ಮಾತ್ರ ತಾಗಲಿಲ್ಲ. ಹುರಿದ ಕಡಲೆಯ ಎರಡು ಚೀಲಗಳನ್ನು ತೋರಿಸಿ ಜೊತೆಗೆ ಬಂದಿದ್ದ ಹಮಾಲನಿಗೆ ಹೇಳಿದ, "ಲೇ, ಅವನ್ನೂ ಟ್ರ್ಯಾಕ್ಟರಿಗೆ ಹಾಕು. ಅವರ ಮಾಲು ಅವರಿಗೆ. ನಮಗ್ಯಾಕ ಇನ್ನೊಬ್ಬರ ಮಾಲು?"

ಆಗ ರೂಪನಗುಡಿಯಾಕೆ ಸೊಂಟದ ಚೀಲವನ್ನು ಟ್ರ್ಯಾಕ್ಟರಿನ ಮೇಲೆ ಇಟ್ಟು, ವಾಪಸ್ಸು ಬಂದಳು. ಚೀಲದ ಹೊಲಿಗೆ ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಎರಡೂ ಕೈ ತುಂಬ ಪುಟಾಣಿ ತೆಗೆದು ಬಾಮೈದನ ಮುಂದೆ ನಿಂತಳು. ಅವನು ಏನೆಂದು ತಿಳಿಯದೆ ಅಂಗೈ ಒಡ್ಡಿದ. ಅದರಲ್ಲಿ ಸುರಿದಳು.

"ತಗೋ ತಮ್ಮಾ. ನಿನ್ನ ಹಿತ್ತಲದಾಗ ಇದನ್ನ ಬಿತ್ತು. ಮೊಳಕಿ ಬಂದ ದಿನ ನನಗ ಹೇಳಿ ಕಳಿಸು, ಬಂದು ನಿನ್ನ ಕಾಲಿಗೆ ಬೀಳ್ತೀನಿ."

ಬರಿಗಾಲಲ್ಲೇ ಟ್ರ್ಯಾಕ್ಟರ್ ಹತ್ತಿದಳು. ಓಣಿಯಲ್ಲಿ ಹಿಂದೆ ಮುಂದೆ ಮಾಡಿ ಮೈದುನ ಅದನ್ನು ತಿರುಗಿಸುವವರೆಗೆ ಆಕೆ ನಮ್ಮ ಕಡೆ ಒಂದು ಸಲವೂ ನೋಡಲಿಲ್ಲ. ಅರ್ಧ ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಬಿಸಿಲು ಬೀಳದಂತೆ ಅದರ ಮೇಲೆ ಸೆರಗು ಹಾಕಿದ್ದಳು.

ಟ್ರ್ಯಾಕ್ಟರಿನ ಸದ್ದು ಕರಗಿತು. ಮಾಲೀಕರು ತಲೆ ತಗ್ಗಿಸಿ ನಿಂತೇ ಇದ್ದರು. ಬಾಮೈದ ತನ್ನ ಅಂಗೈ ನೋಡಿಕೊಂಡ. ನಮ್ಮ ಕಡೆ ನೋಡಿದ. ಆಮೇಲೆ ಕೈ ಎತ್ತಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.